ಗಾಳಿಯ ಪರಾಗ ಹಿಡಿಯುವ ಯಂತ್ರ: ಕಟ್ಟಿದ್ದು, ಕೆಟ್ಟದ್ದು, ಸರಿಪಡಿಸಿದ್ದು

ಕಳೆದ ಮಳೆಗಾಲದಲ್ಲಿ ಹಿತ್ತಲಿನ ಬೇಲಿಯುದ್ದಕ್ಕೂ ಒಂದೇ ಸಾಲಿನಲ್ಲಿ ಹಾಕಿದ್ದ ಗೋವಿನಜೋಳದ ತೆನೆಗಳನ್ನು ಸುಲಿದಾಗ ಹಲವು ತೆನೆಗಳು ಹಲ್ಲುದುರಿದ ಮುದುಕರ ಬಾಯಿಯಂತಿದ್ದವು. ಅದೇ ಬೇಲಿಗೆ ಹಬ್ಬಿಸಿದ್ದ ಕುಂಬಳದ ಬಳ್ಳಿಯಲ್ಲಿ ಹೂವಿಗೇನೂ ಕೊರತೆಯಿರಲಿಲ್ಲ, ಆದರೆ ಹೀಚುಗಳು ನಿಂಬೆಹಣ್ಣಿನ ಗಾತ್ರಕ್ಕೆ ಬರುವ ಮೊದಲೇ ಹಳದಿಯಾಗಿ ಉದುರುತ್ತಿದ್ದವು. ಹಿತ್ತಲಿಗೆ ಯಾರದೋ ದೃಷ್ಟಿ ತಾಗಿದೆ ಎಂದು ಅವ್ವ ಹೇಳಿದರು. ಗೊಬ್ಬರ ಸಾಲಲಿಲ್ಲ ಎಂದು ಪಕ್ಕದ ಹೊಲದ ಹಿರಿಯರು ಹೇಳಿದರು. ರಾಣೆಬೆನ್ನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೆ ಎರಡೂ ತೊಂದರೆಗಳ ಮೂಲ ಪರಾಗಸ್ಪರ್ಶದಲ್ಲಿದೆ ಎಂಬ ಅನುಮಾನವಿತ್ತು. ಗಾಳಿಯಿಂದ ಪರಾಗಸ್ಪರ್ಶವಾಗುವ ಹೂವಿಗೆ ಬಣ್ಣವಿಲ್ಲ, ಪರಿಮಳವಿಲ್ಲ, ಅದರ ಪರಾಗ ಹಗುರ, ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಹೆಣ್ಣು ಭಾಗದ ತುದಿ, ಗರಿಯಂತೆ; ಕೀಟದಿಂದ ಆಗುವುದಕ್ಕೆ ದೊಡ್ಡ ದಳ, ಮಕರಂದ, ಅಂಟುವ ಪರಾಗ ಎಂಬ ಎರಡು ಕಾಲಮ್ಮಿನ ಕೋಷ್ಟಕವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಗಾಳಿಯಲ್ಲಿ ಹೋಗುವ ಪರಾಗವನ್ನು ಒಂದು ದಿನವಾದರೂ ಹಿಡಿದು ನೋಡಿದವನಲ್ಲ. ಈ ವರ್ಷ ಅದನ್ನು ಹಿಡಿಯಲು ಒಂದು ಸಾಧನ ಕಟ್ಟಬೇಕೆಂದು ಹೊರಟೆ. ಕೊನೆಗೆ ಮೂರು ಕಟ್ಟಬೇಕಾಯಿತು.

ಜೂನ್ ಎರಡನೆಯ ವಾರದಲ್ಲಿ ಬಿತ್ತನೆ ಮಾಡಿದೆ. ಬೇಲಿಯ ಪಕ್ಕ ಹಳೆಯ ಹಾಗೆಯೇ ಒಂದು ಉದ್ದ ಸಾಲು, ಬಾವಿಯ ಕಡೆಗೆ ಆರು ಗಿಡ್ಡ ಸಾಲುಗಳ ಒಂದು ಚೌಕ ಮಡಿ. ಗಿಡದ ಸಂಖ್ಯೆ ಎರಡೂ ಕಡೆ ಸಮ. ಜೊತೆಗೆ ಕುಂಬಳ, ಬದನೆ, ಟೊಮೆಟೊ. ಸೂಲಂಗಿ, ಅಂದರೆ ಗಿಡದ ನೆತ್ತಿಯ ಗಂಡು ಹೂಗೊಂಚಲು, ಹೊರಡಲು ಎರಡು ತಿಂಗಳ ಸಮಯವಿದ್ದುದರಿಂದ ಅಷ್ಟರಲ್ಲಿ ಸಾಧನ ಸಿದ್ಧವಾಗಬೇಕಿತ್ತು.

ಮೊದಲನೆಯ ಸಾಧನ: ಎರಡು ತಟ್ಟೆ, ಒಂದು ಗಾಜು

ಗಾಳಿಯ ಪರಾಗವನ್ನು ಅಂಟು ಬಳಿದ ಗಾಜಿನ ಮೇಲೆ ಹಿಡಿಯುವ ಉಪಾಯ ಹೊಸದಲ್ಲ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್‌ಲಿ, ತನ್ನನ್ನೇ ಕಾಡುತ್ತಿದ್ದ ಸೀನು ಮತ್ತು ನೆಗಡಿಗೆ ಹುಲ್ಲಿನ ಪರಾಗ ಕಾರಣವೆಂದು ತೋರಿಸಲು, ಅಂಟಿನ ಗಾಜುಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಹಾರಿಸಿ ಪರಾಗ ಎಣಿಸಿದ ವಿವರಗಳನ್ನು 1873ರಲ್ಲಿ ಪ್ರಕಟಿಸಿದ. 1946ರಲ್ಲಿ ಅಮೆರಿಕದ ಒರೆನ್ ಡರ್ಹಮ್ ಅದಕ್ಕೊಂದು ಸರಳ ರೂಪ ಕೊಟ್ಟ: ಸುಮಾರು 9 ಅಂಗುಲ ವ್ಯಾಸದ ಎರಡು ಬಿಲ್ಲೆಗಳು, ನಡುವೆ 3 ಅಂಗುಲ ಅಂತರ, ಮಧ್ಯದಲ್ಲಿ ಅಡ್ಡ ಮಲಗಿದ ಗಾಜು. ಮೇಲಿನ ಬಿಲ್ಲೆ ಮಳೆಯಿಂದ ಕಾಪಾಡುತ್ತದೆ, ಗಾಳಿ ನಡುವೆ ಹಾಯುತ್ತದೆ.

ನಮ್ಮ ಮನೆಯ ಎರಡು ಸ್ಟೀಲ್ ಊಟದ ತಟ್ಟೆಗಳ ಅಳತೆ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಂಚಿನಲ್ಲಿ ಮೂರು ರಂಧ್ರ ಕೊರೆದು ಮೂರು ಉದ್ದ ಬೋಲ್ಟುಗಳಿಂದ ಜೋಡಿಸಿದೆ. ಶಾಲೆಯ ಪ್ರಯೋಗಾಲಯದ 75 ಮಿಲಿಮೀಟರ್ ಉದ್ದ, 25 ಮಿಲಿಮೀಟರ್ ಅಗಲದ ಸ್ಲೈಡನ್ನು ನಡುವೆ ಎರಡು ಬಟ್ಟೆ ಕ್ಲಿಪ್ಪುಗಳಲ್ಲಿ ಹಿಡಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿದೆ. ಒಂದು ಮಧ್ಯಾಹ್ನದ ಬಿಸಿಲಿಗೇ ಜೆಲ್ಲಿ ಕರಗಿ ಒಂದು ಮೂಲೆಗೆ ಹರಿದು ನಿಂತಿತು. ಮರುದಿನ ಜೆಲ್ಲಿಗೆ ಸ್ವಲ್ಪ ಮೇಣದಬತ್ತಿಯ ಮೇಣ ಕರಗಿಸಿ ಬೆರೆಸಿದ ಮೇಲೆ ಅದು ನಿಂತ ಜಾಗದಲ್ಲೇ ನಿಂತಿತು.

ಎರಡನೆಯ ತೊಡಕು ಧೂಳಿನದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಲೈಡಿನ ತುಂಬ ದುಂಡು ದುಂಡಾದ ಕಣಗಳು ಕಂಡು ನಾನು ಹಿಗ್ಗಿದೆ, ಆದರೆ ಸೂಲಂಗಿಯೇ ಹೊರಟಿರದ ಜುಲೈ ತಿಂಗಳಲ್ಲಿ ಅಷ್ಟು ಪರಾಗ ಎಲ್ಲಿಂದ ಬರಬೇಕು? ಅದು ರಸ್ತೆಯ ಕೆಂಪು ಮಣ್ಣು. ಸಫ್ರಾನಿನ್ ಬಣ್ಣದ ಒಂದು ಹನಿ ಹಾಕಿ ಮೇಲೆ ತೆಳುಗಾಜು ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಪರಾಗದ ಗೋಡೆ ಬಣ್ಣ ಹೀರಿ ಗುಲಾಬಿಯಾಗುತ್ತದೆ, ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಈ ಒಂದು ಹನಿ ಇಲ್ಲದೆ ಮುಂದಿನ ಯಾವ ಎಣಿಕೆಗೂ ಅರ್ಥವಿರುತ್ತಿರಲಿಲ್ಲ.

ಆಗಸ್ಟ್ ಎರಡನೆಯ ವಾರ ಸೂಲಂಗಿಗಳು ಬಿಚ್ಚಿಕೊಂಡವು. ಮೊದಲ ಮೂರು ದಿನ ಜಿಟಿಜಿಟಿ ಮಳೆ, ಸ್ಲೈಡಿನಲ್ಲಿ ಏನೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಸುಮಾರು ಒಂಬತ್ತೂವರೆಗೆ, ಗಿಡದ ಕೆಳಗಿನ ಎಲೆಗಳ ಮೇಲೆ ಹಳದಿ ಹುಡಿ ಕಂಡಿತು. ಆ ದಿನದ ಸ್ಲೈಡಿನ ಮೇಲೆ ಗೋವಿನಜೋಳದ ಪರಾಗ ಧಾರಾಳವಾಗಿತ್ತು: ನಯವಾದ, ದುಂಡನೆಯ, ಒಂದೇ ಒಂದು ಸಣ್ಣ ರಂಧ್ರವಿರುವ ಕಣ. ನಮ್ಮ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡುವಾಗ ಕಾಣುವ ವೃತ್ತದ ಅಡ್ಡಳತೆಯನ್ನು ಪ್ಲಾಸ್ಟಿಕ್ ಸ್ಕೇಲು ಇಟ್ಟು ನೋಡಿದರೆ 1.8 ಮಿಲಿಮೀಟರ್. ಅದರಲ್ಲಿ ಅಂದಾಜು 20 ಕಣ ಸಾಲಾಗಿ ನಿಲ್ಲಬಹುದಿತ್ತು, ಎಂದರೆ ಒಂದು ಕಣ ಸುಮಾರು 90 ಮೈಕ್ರಾನ್, ಮಿಲಿಮೀಟರಿನ ಹನ್ನೊಂದನೇ ಒಂದು ಭಾಗ. ಗಾಳಿಯಲ್ಲಿ ಹೋಗುವ ಪರಾಗಗಳ ಪೈಕಿ ಇದು ಗಜಗಾತ್ರ.

ಆದರೆ ಬೇಲಿಯ ಬುಡದಲ್ಲಿ ಗರಿಕೆಯೂ ಹೂಬಿಟ್ಟಿತ್ತು, ಅದರ ಪರಾಗ ಮಾತ್ರ ಸ್ಲೈಡಿನ ಮೇಲೆ ಅಪರೂಪ. ಇದಕ್ಕೆ ಕಾರಣ ಲೆಕ್ಕದಲ್ಲೇ ಇತ್ತು. ಗೋವಿನಜೋಳದ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 25 ಸೆಂಟಿಮೀಟರ್ ಇಳಿಯುತ್ತದೆ. ಇಷ್ಟು ಸಣ್ಣ ಕಣಗಳು ಬೀಳುವ ವೇಗ ಅವುಗಳ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದರ ಮೂರನೇ ಒಂದು ಭಾಗದಷ್ಟಿರುವ ಗರಿಕೆಯ ಕಣ ಒಂಬತ್ತು ಪಟ್ಟು ನಿಧಾನವಾಗಿ, ಸೆಕೆಂಡಿಗೆ 3 ಸೆಂಟಿಮೀಟರಿಗಿಂತ ಕಡಿಮೆ ಇಳಿಯುತ್ತದೆ. ಮಲಗಿಸಿಟ್ಟ ಗಾಜಿನ ಮೇಲೆ ಬೀಳುವುದು ಭಾರದ ಕಣ ಮಾತ್ರ. ಹಗುರ ಕಣಗಳು ತಟ್ಟೆಗಳ ನಡುವೆ ತೂರಿಕೊಂಡು ಹೊರಟುಹೋಗುತ್ತವೆ. ಆದ್ದರಿಂದ ಗಾಜನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕೆಂದು ತೀರ್ಮಾನಿಸಿದೆ.

ಎರಡನೆಯದು: ಸೈಕಲ್ ಹಬ್ಬಿನ ಗಾಳಿಸೂಚಿ

ಗುಜರಿಯಿಂದ ತಂದ ಸೈಕಲ್ಲಿನ ಮುಂದಿನ ಗಾಲಿಯ ಹಬ್ಬನ್ನು ಕಂಬದ ತುದಿಗೆ ನೆಟ್ಟಗೆ ಕೂಡಿಸಿ, ಅದರ ಮೇಲೆ ಒಂದೂವರೆ ಅಡಿಯ ಅಡ್ಡಪಟ್ಟಿ, ಅದರ ಒಂದು ತುದಿಗೆ ನೆಟ್ಟಗೆ ನಿಂತ ಸ್ಲೈಡು, ಇನ್ನೊಂದು ತುದಿಗೆ ಎಣ್ಣೆ ಡಬ್ಬಿಯ ತಗಡಿನ ಬಾಲ ಜೋಡಿಸಿದೆ. ಹಬ್ಬಿನೊಳಗಿನ ಗ್ರೀಸ್ ಗಟ್ಟಿಯಾಗಿ ಸಣ್ಣ ಗಾಳಿಗೆ ಅದು ತಿರುಗಲೇ ಇಲ್ಲ. ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು, ಕೋನುಗಳನ್ನು ಸ್ವಲ್ಪ ಸಡಿಲವಾಗಿಯೇ ಕೂಡಿಸಿದ ಮೇಲೆ ಉಸಿರು ಊದಿದರೂ ತಿರುಗುವಂತಾಯಿತು.

"ಮಾಸ್ತರ, ಗಾಳಿ ಅಳಿಯಾಕ ಹತ್ತೀರೋ, ಹಿಡಿಯಾಕ ಹತ್ತೀರೋ?" ಎಂದು ಬೇಲಿಯಾಚೆಯ ಹಿರಿಯರು ಕೇಳಿದರು. ಹಿಡಿಯುವುದೇ ನನ್ನ ಉದ್ದೇಶವೆಂದೆ. "ಹಿಡಿದ್ರ ನಮಗೂ ಒಂಚೂರು ಕೊಡ್ರಿ, ರಾಶಿ ತೂರೂಮುಂದ ಬೇಕಾಕ್ಕೈತಿ" ಎಂದು ನಕ್ಕು ಹೋದರು.

ಇದರ ಫಲಿತಾಂಶ ವಿಚಿತ್ರವಾಗಿತ್ತು. ಗೋವಿನಜೋಳದ ಕಣ ಸ್ಲೈಡಿನ ಎಲ್ಲೆಡೆ ಸಿಕ್ಕಿತು. ಗರಿಕೆಯ ಕಣಗಳು ಮಾತ್ರ ಸ್ಲೈಡಿನ ನಡುಭಾಗದಲ್ಲಿ ಇಲ್ಲವೇ ಇಲ್ಲ, ಎಡಬಲದ ಅಂಚಿನ ಒಂದೆರಡು ಮಿಲಿಮೀಟರಿನಲ್ಲಿ ಮಾತ್ರ ಗುಂಪುಗೂಡಿದ್ದವು. ಸವರುವಾಗ ಜೆಲ್ಲಿ ಅಂಚಿನಲ್ಲಿ ದಪ್ಪವಾಗಿರಬೇಕೆಂದು ಮೊದಲು ಭಾವಿಸಿ ಇನ್ನೊಂದು ಸ್ಲೈಡನ್ನು ಬಹಳ ಎಚ್ಚರದಿಂದ ಸವರಿದೆ. ಅದೂ ಹಾಗೆಯೇ ಬಂತು. ದೋಷ ಜೆಲ್ಲಿಯದಲ್ಲ, ಗಾಜಿನ ಅಗಲದ್ದು. ಅಗಲವಾದ ಅಡ್ಡಿ ಎದುರಾದಾಗ ಗಾಳಿ ಬಹಳ ಮುಂಚಿತವಾಗಿಯೇ ಎರಡು ಪಾಲಾಗಿ ಸುತ್ತಿ ಹೋಗುತ್ತದೆ, ಹಗುರ ಕಣವೂ ಗಾಳಿಯ ಜೊತೆಗೇ ತಿರುಗಿಕೊಂಡು ಪಾರಾಗುತ್ತದೆ. ಭಾರದ ಕಣ ಹಾಗೆ ತಿರುಗಲಾರದೆ ನೇರವಾಗಿ ಬಂದು ಡಿಕ್ಕಿ ಹೊಡೆಯುತ್ತದೆ. ಸಂತೆಯಲ್ಲಿ ಎತ್ತಿನ ಗಾಡಿ ಎದುರು ಬಂದರೆ ಸೈಕಲ್ಲಿನವನು ಪಕ್ಕಕ್ಕೆ ಸರಿದುಹೋಗುತ್ತಾನೆ, ಲಾರಿ ಸರಿಯಲಾರದು, ಇದೂ ಹಾಗೆಯೇ.

ಹಾಗಿದ್ದರೆ ಅಡ್ಡಿ ಸಣ್ಣದಾದಷ್ಟೂ ಒಳ್ಳೆಯದಲ್ಲವೇ? ಕಂಬದ ಪಕ್ಕದಲ್ಲಿಯೇ ಜೆಲ್ಲಿ ಸವರಿದ ಹೊಲಿಗೆ ದಾರವೊಂದನ್ನು ಕಟ್ಟಿ ಅರ್ಧ ದಿನ ಬಿಟ್ಟೆ. ಸೂಕ್ಷ್ಮದರ್ಶಕದ ಕೆಳಗೆ ಅದೇ ದಾರ ಗರಿಕೆಯ ಕಣಗಳಿಂದ ಪೋಣಿಸಿದಂತಿತ್ತು, ಅಲ್ಲೊಂದು ಇಲ್ಲೊಂದು ಜೋಳದ ಕಣ ದೊಡ್ಡ ಮಣಿಯ ಹಾಗೆ. ಅಗಲ ಗಾಜು ಹಿಡಿಯಲಾಗದ್ದನ್ನು ಆರು ಪೈಸೆಯ ದಾರ ಹಿಡಿದಿತ್ತು.

ಆ ಸಂಜೆ ಗರಿಕೆಯ ಒಂದು ತೆನೆಯನ್ನು ತಂದು ಅದೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹೂವೆಂದು ಹೇಳಲು ಅಲ್ಲಿ ದಳವಿಲ್ಲ, ಎರಡು ಹೊಟ್ಟಿನ ಸಂದಿನಿಂದ ಹೊರಚಾಚಿದ ಎರಡು ನೇರಳೆ ಗರಿಗಳಿವೆ, ಪ್ರತಿ ಗರಿಯಲ್ಲೂ ಕೂದಲಿಗಿಂತ ತೆಳುವಾದ ಹತ್ತಾರು ಎಳೆಗಳು. ಗೋವಿನಜೋಳದ ತೆನೆಯ ತುದಿಯಿಂದ ಇಳಿಬಿದ್ದ ರೇಷ್ಮೆಯಂತಹ ಕೂದಲೂ ಹಾಗೆಯೇ, ಬರಿಗಣ್ಣಿಗೆ ನಯ, ಹಿಗ್ಗಿಸಿದರೆ ಮೈಮೇಲೆಲ್ಲ ಸಣ್ಣ ಸಣ್ಣ ರೋಮ. "ಶಲಾಕಾಗ್ರ ಗರಿಯಂತೆ ಇರುತ್ತದೆ" ಎಂದು ಬರೆಸುವಾಗ ಮೇಲ್ಮೈ ಹೆಚ್ಚಲೆಂದು ಹಾಗಿದೆ ಎಂದಷ್ಟೇ ನಾನು ವಿವರಿಸುತ್ತಿದ್ದೆ. ಅದು ಅರ್ಧ ಸತ್ಯ. ಮೇಲ್ಮೈಯೇ ಮುಖ್ಯವಾಗಿದ್ದರೆ ನನ್ನ ಗಾಜಿನ ಪಟ್ಟಿ ದಾರವನ್ನು ಸುಲಭವಾಗಿ ಸೋಲಿಸಬೇಕಿತ್ತು. ಗಾಳಿ ಪಕ್ಕಕ್ಕೆ ಸರಿಯುವ ಮೊದಲೇ ಕಣ ತಾಗುವಷ್ಟು ಎಳೆ ತೆಳ್ಳಗಿರಬೇಕು ಎಂಬುದೇ ಇಲ್ಲಿನ ಮರ್ಮ. ದಳಗಳಿಲ್ಲದಿರುವುದಕ್ಕೂ ಇದೇ ಕಡೆಯಿಂದ ಅರ್ಥ ಬರುತ್ತದೆ. ದಳವೆಂಬುದು ಗಾಳಿಯನ್ನು ಬೇರೆ ದಾರಿಗೆ ತಿರುಗಿಸುವ ಗೋಡೆ, ಗರಿಕೆಯ ಹೂವಿಗೆ ಅದು ಅಡ್ಡಿಯೇ ಹೊರತು ಶೃಂಗಾರವಲ್ಲ.

ಮೂರನೆಯದು: ಟೇಪ್ ರೆಕಾರ್ಡರಿನ ಮೋಟಾರು

ದಾರದಿಂದ ಒಂದು ಕೆಲಸವಾಗಲಿಲ್ಲ, ಎಷ್ಟು ಗಾಳಿಯಿಂದ ಎಷ್ಟು ಕಣ ಬಂದವು ಎಂದು ಹೇಳಲಾಗದು. ಗಾಳಿ ಜೋರಾದರೆ ಹೆಚ್ಚು, ನಿಂತರೆ ಇಲ್ಲ. ಇದಕ್ಕೆ ಪರಿಹಾರವಾಗಿ 1950ರ ದಶಕದಲ್ಲಿ ಅಮೆರಿಕದಲ್ಲಿ ರೊಟೊರಾಡ್ ಎಂಬ ಸಾಧನ ಬಂತು. ಗಾಳಿ ಕಡ್ಡಿಯ ಬಳಿಗೆ ಬರಲೆಂದು ಕಾಯುವ ಬದಲು, ತೆಳುವಾದ ಎರಡು ಕಡ್ಡಿಗಳನ್ನೇ ನಿಮಿಷಕ್ಕೆ 2400 ಸುತ್ತಿನಂತೆ ಗಾಳಿಯಲ್ಲಿ ಬೀಸುವುದು. ನಮ್ಮ ಅಟ್ಟದ ಮೇಲೆ ಬಿದ್ದಿದ್ದ ಟೇಪ್ ರೆಕಾರ್ಡರನ್ನು ಬಿಚ್ಚಿದಾಗ ಅದರ ಮೋಟಾರಿನ ಮೈಮೇಲೆ 12 ವೋಲ್ಟ್, 2400 ಸುತ್ತು ಎಂದು ಅಚ್ಚಾಗಿತ್ತು. ಕ್ಯಾಸೆಟ್ ಒಂದೇ ವೇಗದಲ್ಲಿ ಓಡಬೇಕಾದ್ದರಿಂದ ಈ ಮೋಟಾರುಗಳೊಳಗೆ ವೇಗ ಕಾಯುವ ವ್ಯವಸ್ಥೆಯೂ ಇರುತ್ತದೆ. ಹಾಡು ಕೇಳಿಸುತ್ತಿದ್ದುದು ಪರಾಗ ಹಿಡಿಯುವುದಕ್ಕೂ ಇಷ್ಟು ಸರಿಹೊಂದುತ್ತದೆಂದು ಯಾರು ಎಣಿಸಿದ್ದರು!

ಸೈಕಲ್ಲಿನ 2 ಮಿಲಿಮೀಟರ್ ದಪ್ಪದ ಸ್ಪೋಕನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಗ್ಗಿಸಿದೆ: ತಳ 8 ಸೆಂಟಿಮೀಟರ್, ಎರಡು ಕೈಗಳು 6 ಸೆಂಟಿಮೀಟರ್. ತಳದ ನಡುಮಧ್ಯವನ್ನು ಮೋಟಾರಿನ ರಾಟೆಗೆ ಎಂ-ಸೀಲ್‌ನಿಂದ ಕೂಡಿಸಿದೆ. ಲ್ಯಾಮಿನೇಷನ್ ಹಾಳೆಯಿಂದ 2 ಮಿಲಿಮೀಟರ್ ಅಗಲ, 2 ಸೆಂಟಿಮೀಟರ್ ಉದ್ದದ ಪಾರದರ್ಶಕ ಪಟ್ಟಿಗಳನ್ನು ಕತ್ತರಿಸಿ, ಜೆಲ್ಲಿ ಸವರಿ, ಕೈಗಳ ತುದಿಗೆ ನೂಲಿನಿಂದ ಬಿಗಿದೆ. ಓಡಿಸಿ ಮುಗಿದ ಮೇಲೆ ನೂಲು ಬಿಚ್ಚಿ ಪಟ್ಟಿಯನ್ನು ಸ್ಲೈಡಿನ ಮೇಲಿಟ್ಟು ಬಣ್ಣದ ಹನಿ ಹಾಕಿದರಾಯಿತು. ವಿದ್ಯುತ್ತಿಗೆ ಔಷಧ ಹೊಡೆಯುವ ಬ್ಯಾಟರಿ ಪಂಪಿನೊಳಗಿನ 12 ವೋಲ್ಟ್ ಬ್ಯಾಟರಿ.

ಮೊದಲ ಸಲ ಸ್ವಿಚ್ ಒತ್ತಿದಾಗ ಇಡೀ ಕಂಬ ಜ್ವರ ಬಂದಂತೆ ನಡುಗಿ, ಹತ್ತು ಸೆಕೆಂಡಿನೊಳಗೆ ಎಂ-ಸೀಲ್ ಬಿರಿದು ಸ್ಪೋಕ್ ಹಾರಿ ದನದ ಕೊಟ್ಟಿಗೆಯ ಹಂಚಿಗೆ ಬಡಿಯಿತು. ಅದೃಷ್ಟಕ್ಕೆ ಆ ದಿಕ್ಕಿನಲ್ಲಿ ಯಾರೂ ಇರಲಿಲ್ಲ. ಇಂಥದ್ದನ್ನು ಕಟ್ಟುವವರು ಓಡಿಸುವಾಗ ಕಡ್ಡಿ ಸುತ್ತುವ ಮಟ್ಟದಲ್ಲಿ ಮುಖವಿಟ್ಟು ನಿಲ್ಲಬಾರದು, ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು. ತಪ್ಪು ಎರಡಿದ್ದವು. ಒಂದು ಕೈ ಇನ್ನೊಂದಕ್ಕಿಂತ ಎರಡು ಮಿಲಿಮೀಟರ್ ಉದ್ದವಿತ್ತು, ಅದನ್ನು ಅರದಿಂದ ಉಜ್ಜಿ, ತಳದ ಮಧ್ಯವನ್ನು ದಬ್ಬಳದ ಮೊನೆಯ ಮೇಲಿಟ್ಟು ಎರಡೂ ಕಡೆ ಸಮ ತೂಗುವವರೆಗೆ ತಿದ್ದಿದೆ. ಇನ್ನು, ಬರೀ ಅಂಟನ್ನು ನಂಬಿದ್ದು ತಪ್ಪು. ರಾಟೆಯಲ್ಲಿ ಎರಡು ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಸ್ಪೋಕನ್ನು ಬಿಗಿದು, ಅದರ ಮೇಲೆ ಎಂ-ಸೀಲ್ ಹಚ್ಚಿ ಒಂದು ರಾತ್ರಿ ಬಿಟ್ಟೆ. ಆಮೇಲೆ ನಡುಕ ಹೋಗಿ ಸಣ್ಣ ಗುಂಯ್‌ಗುಟ್ಟುವಿಕೆ ಮಾತ್ರ ಉಳಿಯಿತು.

ವೇಗ ಅಳೆಯಲು ಮೊಬೈಲಿನ ನಿಧಾನಗತಿಯ ವಿಡಿಯೊ ಸಾಕಾಯಿತು. ಒಂದು ಕೈಯ ತುದಿಗೆ ಸುಣ್ಣ ಹಚ್ಚಿ ಸೆಕೆಂಡಿಗೆ 240 ಚಿತ್ರದಂತೆ ತೆಗೆದರೆ, 2400 ಸುತ್ತಿನ ವೇಗದಲ್ಲಿ ಬಿಳಿ ತುದಿ ಆರು ಚಿತ್ರಕ್ಕೊಮ್ಮೆ ಅದೇ ಜಾಗಕ್ಕೆ ಬರಬೇಕು. ಮೊದಲು ಏಳು ಬಂತು, ಬ್ಯಾಟರಿ ಇಳಿದಿತ್ತು. ಪೂರ್ತಿ ಚಾರ್ಜ್ ಮಾಡಿದ ಮೇಲೆ ಆರಕ್ಕೆ ನಿಂತಿತು. ಲೆಕ್ಕ ಹೀಗೆ: ಸೆಕೆಂಡಿಗೆ 40 ಸುತ್ತು, ತ್ರಿಜ್ಯ 4 ಸೆಂಟಿಮೀಟರ್, ಆದ್ದರಿಂದ ಕೈಗಳು ಸೆಕೆಂಡಿಗೆ ಸುಮಾರು 10 ಮೀಟರ್ ಚಲಿಸುತ್ತವೆ. ಎರಡು ಪಟ್ಟಿಗಳು ಬಳಿದುಕೊಂಡು ಹೋಗುವ ಗಾಳಿ ನಿಮಿಷಕ್ಕೆ ಸರಿಸುಮಾರು 48 ಲೀಟರ್. ಹತ್ತು ನಿಮಿಷಕ್ಕೆ 480.

ಇಷ್ಟಾಗಿಯೂ ಮೊದಲ ಪೂರ್ಣ ಓಟದಲ್ಲಿ ಪಟ್ಟಿಯ ಮೇಲೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸೂಲಂಗಿಗಳು ಕಣ್ಣೆದುರೇ ಹುಡಿ ಉದುರಿಸುತ್ತಿದ್ದವು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಪಟ್ಟಿಗಳನ್ನು ನಾನು ಕೈಗಳ ಹಿಂಬದಿಗೆ ಕಟ್ಟಿದ್ದೆ. ಮೋಟಾರು ತಿರುಗುವ ದಿಕ್ಕಿನಲ್ಲಿ ಮುಂದಿರುವ ಮುಖಕ್ಕೆ ಅವು ಇರಬೇಕು. ತಂತಿಗಳನ್ನು ಅದಲುಬದಲು ಮಾಡಿ ದಿಕ್ಕು ಬದಲಿಸೋಣವೆಂದರೆ ಈ ಬಗೆಯ ಮೋಟಾರು ಒಂದೇ ದಿಕ್ಕಿಗೆ ತಿರುಗುವಂಥದ್ದು. ಪಟ್ಟಿಗಳನ್ನೇ ಬದಲಿಸಿ ಕಟ್ಟಿ, ಮತ್ತೆ ಮರೆಯದಿರಲೆಂದು ಕಂಬದ ಮೇಲೆ ಬಾಣದ ಗುರುತು ಬರೆದೆ.

ಒಂದೇ ಸಾಲಿನ ಕತೆ

ಈಗ ಸಾಧನ ಮಾತಾಡತೊಡಗಿತು. ನಮ್ಮಲ್ಲಿ ಆಗಸ್ಟಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಬೇಲಿಯ ಸಾಲು ತೆಂಕು ಬಡಗು. ಸಾಲಿನಿಂದ ಮೂರು ಮೀಟರ್ ಪೂರ್ವಕ್ಕೆ ಇಟ್ಟು ಹತ್ತು ನಿಮಿಷ ಓಡಿಸಿದಾಗ ಪಟ್ಟಿಯ ಮೇಲೆ ಜೋಳದ ಕಣ ಎಣಿಸಿ ಬೇಸರ ಬರುವಷ್ಟಿದ್ದವು. ಅಷ್ಟೇ ದೂರ ಪಶ್ಚಿಮಕ್ಕೆ ಇಟ್ಟಾಗ ಬೆರಳೆಣಿಕೆ. ಸೂಲಂಗಿ ಎರಡು ಮೀಟರ್ ಎತ್ತರದಲ್ಲಿ, ತೆನೆಯ ಕೂದಲು ಒಂದು ಮೀಟರ್ ಎತ್ತರದಲ್ಲಿ ಇದ್ದರೆ, ಕಣಕ್ಕೆ ಆ ಒಂದು ಮೀಟರ್ ಇಳಿಯಲು ನಾಲ್ಕು ಸೆಕೆಂಡ್ ಬೇಕು. ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ಅಷ್ಟರಲ್ಲಿ ಅದು ಎಂಟು ಮೀಟರ್ ಆಚೆಗೆ ಹೋಗಿರುತ್ತದೆ. ಸಾಲಿಗೆ ಅಡ್ಡಲಾಗಿ ಬೀಸುವ ಗಾಳಿ ಸಾಲಿನ ಪರಾಗವನ್ನೆಲ್ಲ ನಮ್ಮ ಪಡಸಾಲೆಗೆ ತಂದು ಸುರಿಯುತ್ತಿತ್ತು, ತೆನೆಗಳಿಗೆ ಉಳಿಯುತ್ತಿದ್ದುದು ಗಾಳಿ ನಿಂತಾಗ ಉದುರಿದಷ್ಟೇ. ಚೌಕ ಮಡಿಯಲ್ಲಾದರೋ ಒಂದು ಸಾಲು ಬಿಟ್ಟಿದ್ದನ್ನು ಇನ್ನೊಂದು ಸಾಲು ಹಿಡಿಯುತ್ತದೆ. ಗೋವಿನಜೋಳವನ್ನು ಒಂಟಿ ಸಾಲಿನಲ್ಲಿ ಹಾಕದೆ ಮಡಿಯಾಗಿ ಹಾಕಬೇಕೆಂಬ ಮಾತು ಕೃಷಿ ಪುಸ್ತಕಗಳಲ್ಲಿದೆ, ನಾನೂ ಓದಿದ್ದೆ. ಓದಿದ್ದು ಕೈಗೆ ಬರಲು ಒಂದು ಟೇಪ್ ರೆಕಾರ್ಡರ್ ಹಾಳಾಗಬೇಕಾಯಿತು.

ಒಂದು ಕೂದಲಿಗೆ ಒಂದು ಕಾಳು ಎಂಬುದು ಈ ಗಿಡದ ಲೆಕ್ಕ. ಪ್ರತಿಯೊಂದು ಎಳೆಯೂ ತೆನೆಯೊಳಗಿನ ಒಂದೊಂದು ಅಂಡಾಶಯದ ಶಲಾಕೆ. ಬುಡದ ಕಾಳುಗಳ ಎಳೆ ಮೊದಲು ಹೊರಬರುತ್ತದೆ, ತುದಿಯದು ಕೊನೆಗೆ. ಆದ್ದರಿಂದ ತುದಿ ಮಾತ್ರ ಬೋಳಾದ ತೆನೆ ಪರಾಗ ಬೇಗ ಮುಗಿದುದರ ಗುರುತಾಗಿರಬಹುದು, ಅಲ್ಲಲ್ಲಿ ಚದುರಿ ಬೋಳಾದದ್ದು ಇಡೀ ಅವಧಿಯಲ್ಲಿ ಪರಾಗ ವಿರಳವಾಗಿದ್ದುದರ ಗುರುತು. ನನ್ನ ಕಳೆದ ವರ್ಷದ ತೆನೆಗಳು ಎರಡನೆಯ ಬಗೆಯವು.

ಬೇಲಿಯ ಸಾಲನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪದೆ, ಅದರ ಅರ್ಧ ಗಿಡಗಳಿಗೆ ಕೈಯಿಂದ ಪರಾಗ ಕೊಟ್ಟೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಸೂಲಂಗಿಯನ್ನು ಕಾಗದದ ಚೀಲದೊಳಗೆ ಬಗ್ಗಿಸಿ ತಟ್ಟಿ, ಬಿದ್ದ ಹುಡಿಯನ್ನು ಕೂಡಲೇ ಕೂದಲಿನ ಮೇಲೆ ಸುರಿಯುವುದು. ಇಟ್ಟುಕೊಂಡು ಸಂಜೆಗೆ ಬಳಸಲಾಗದು, ಈ ಪರಾಗದ ಆಯುಷ್ಯ ಬಹಳ ಕಡಿಮೆ. ಸೂಲಂಗಿಯ ಮೇಲೆ ತುಡುವೆ ಜೇನುಗಳು ಕಾಲಿಗೆ ಹಳದಿ ಉಂಡೆ ಕಟ್ಟಿಕೊಳ್ಳುತ್ತಿದ್ದುದನ್ನು ನೋಡಿ ಅವೂ ಸಹಾಯ ಮಾಡಬಹುದೆಂದು ಮೊದಲು ಎಣಿಸಿದ್ದೆ. ಆದರೆ ಗಮನಿಸಿದಷ್ಟು ದಿನವೂ ಅವುಗಳಲ್ಲಿ ಒಂದೂ ತೆನೆಯ ಕೂದಲಿನ ಮೇಲೆ ಕೂರಲಿಲ್ಲ. ಅಲ್ಲಿ ಮಕರಂದವೂ ಇಲ್ಲ, ಪರಾಗವೂ ಇಲ್ಲ, ಜೇನಿಗೇನು ಕೆಲಸ?

ಕುಂಬಳ, ಬದನೆ: ಸಾಧನ ಸೋತ ಕಡೆ

ಅದೇ ಸಾಧನವನ್ನು ಬೆಳಿಗ್ಗೆ ಆರೂವರೆಗೆ ಕುಂಬಳದ ಗಂಡು ಹೂವಿನಿಂದ ಒಂದು ಗೇಣು ದೂರದಲ್ಲಿ ಓಡಿಸಿದೆ. ಕುಂಬಳದ ಪರಾಗ ಒಂದು ಕಣವೂ ಬರಲಿಲ್ಲ. ಹೂವನ್ನೇ ಕಿತ್ತು ಮೇಜಿನ ಫ್ಯಾನಿನ ಎದುರು ಹಿಡಿದೆ, ಕೆಳಗೆ ಕಪ್ಪು ಕಾಗದ ಹಾಸಿ. ದಳಗಳು ಹರಿದವು, ಪರಾಗ ಅಲುಗಲಿಲ್ಲ. ಸೂಲಂಗಿಯ ಒಂದು ಕವಲನ್ನು ಹಾಗೆಯೇ ಹಿಡಿದಾಗ ಹಳದಿ ಹೊಗೆಯೆದ್ದಿತ್ತು. ಕುಂಬಳದ ಕಣ ಸೂಕ್ಷ್ಮದರ್ಶಕದಲ್ಲಿ ಗೋವಿನಜೋಳದ್ದಕ್ಕಿಂತಲೂ ದೊಡ್ಡದು, ಮೈತುಂಬ ಮುಳ್ಳು, ಮೇಲೆ ಎಣ್ಣೆಯ ಲೇಪ, ಒಂದಕ್ಕೊಂದು ಅಂಟಿಕೊಂಡು ಬೆರಳಿಗೆ ಮೆತ್ತುತ್ತದೆ. ಹೆಣ್ಣು ಹೂವಿನ ಶಲಾಕಾಗ್ರವೋ ದಪ್ಪನೆಯ, ಜಿಗುಟಾದ ಮುದ್ದೆ, ಅದೂ ಗಾಳಿ ಹೊಗದಂತೆ ದಳಗಳ ಬಟ್ಟಲಿನ ತಳದಲ್ಲಿ. ಜೇನಿನ ರೋಮ ಮೈಯನ್ನು ಉಜ್ಜಲೆಂದು ಮಾಡಿದ ರಚನೆಯಿದು, ಗಾಳಿಗೆ ಇಲ್ಲಿ ಮಾಡಲು ಏನೂ ಇಲ್ಲ.

ಇಲ್ಲಿನ ದುರಸ್ತಿ ಅತಿ ಸುಲಭವಾದದ್ದು. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಆ ಬಿಡುವಿನಲ್ಲಿ ಮೋಡ ಕವಿದು ಜೇನು ಹೊರಬೀಳದಿದ್ದರೆ ಆ ದಿನದ ಹೀಚು ಹೋದಂತೆ. ಗಂಡು ಹೂವೊಂದನ್ನು ಕಿತ್ತು, ದಳ ಬಿಡಿಸಿ, ಉಳಿದ ಕೇಸರದ ಕಂಬವನ್ನು ಹೆಣ್ಣು ಹೂವಿನ ಮುದ್ದೆಗೆ ಎಲ್ಲ ಕಡೆಯೂ ಮೆತ್ತಬೇಕು. ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಇರುವುದೇ ಹೆಣ್ಣು. ಮೋಡದ ದಿನಗಳಲ್ಲಿ ಎಂಟು ಗಂಟೆಯೊಳಗೆ ಹೀಗೆ ಮಾಡತೊಡಗಿದ ಮೇಲೆ ಹೀಚುದುರುವುದು ಬಹುಪಾಲು ನಿಂತಿತು. ಹೀರೆಯ ಬಳ್ಳಿಯಿದ್ದವರು ಗಡಿಯಾರ ಬದಲಿಸಿಕೊಳ್ಳಬೇಕು, ಅದು ಅರಳುವುದು ಸಂಜೆ.

ಬದನೆ ಮಾತ್ರ ನನ್ನನ್ನು ಬಹಳ ಹೊತ್ತು ಕಾಡಿತು. ಅದರ ನೇರಳೆ ದಳಗಳೂ ಹಳದಿ ಕೇಸರಗಳೂ ಕೀಟದ ಹೂವೆಂದೇ ಹೇಳುತ್ತವೆ, ಆದರೆ ಪರಾಗ ಅಂಟಂಟಾಗಿಲ್ಲ, ಒಣ ಹುಡಿ. ಫ್ಯಾನಿನ ಮುಂದೆ ಹಿಡಿದರೆ ಕಪ್ಪು ಕಾಗದದ ಮೇಲೆ ಏನೂ ಬೀಳಲಿಲ್ಲ. ಪರಾಗಕೋಶವನ್ನು ಹಿಗ್ಗಿಸಿ ನೋಡಿದರೆ ಅದು ಉದ್ದಕ್ಕೆ ಸೀಳಿಕೊಳ್ಳುವುದಿಲ್ಲ, ತುದಿಯಲ್ಲಿ ಎರಡು ಸಣ್ಣ ತೂತುಗಳಿವೆ ಅಷ್ಟೆ. ಗೋವಿನಜೋಳದ ಪರಾಗಕೋಶವೂ ತುದಿಯಲ್ಲೇ ಬಾಯಿ ಬಿಡುವಂಥದ್ದು. ಆದರೆ ಅದು ತೆಳುವಾದ ತಂತುವಿನಲ್ಲಿ ತಲೆಕೆಳಗಾಗಿ ತೂಗುತ್ತಿರುವುದರಿಂದ ಗಾಳಿಯೇ ಅದನ್ನು ಉಪ್ಪಿನ ಡಬ್ಬಿಯಂತೆ ಅಲುಗಿಸುತ್ತದೆ. ಬದನೆಯದು ದಪ್ಪ ಗಿಡ್ಡ ಕಾಲಿನ ಮೇಲೆ ಬಿಗಿಯಾಗಿ ನಿಂತಿದೆ, ಗಾಳಿಗೆ ಬಗ್ಗದು.

ಶಾಲೆಯ ಭೌತಶಾಸ್ತ್ರದ ಕಪಾಟಿನಿಂದ 256 ಹರ್ಟ್ಸ್, ಅಂದರೆ ತಟ್ಟಿದರೆ ಸೆಕೆಂಡಿಗೆ 256 ಸಲ ಕಂಪಿಸುವ, ಶ್ರುತಿಕವೆಯನ್ನು ತಂದೆ. ಮೊಣಕಾಲಿಗೆ ತಟ್ಟಿ ಅದರ ಕಾಲನ್ನು ಹೂವಿನ ತೊಟ್ಟಿಗೆ ಒತ್ತಿದಾಗ ಅಷ್ಟಾಗಿ ಏನೂ ಆಗಲಿಲ್ಲ. ಕವೆಯ ಕವಲನ್ನೇ ಪರಾಗಕೋಶಕ್ಕೆ ಮೆಲ್ಲನೆ ತಾಗಿಸಿದ ಕ್ಷಣ ತೂತುಗಳಿಂದ ಬಿಳಿಹಳದಿ ಹುಡಿ ಚಿಮ್ಮಿ ಕಾಗದದ ಮೇಲೆ ಬಿತ್ತು. ನೀಲಿ ಪಟ್ಟೆಯ ಒಂಟಿ ಜೇನು ಮತ್ತು ಕಪ್ಪು ದುಂಬಿ ಬದನೆ ಹೂವನ್ನು ತಬ್ಬಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ಕಂಪಿಸಿ ಗುಂಯ್‌ಗುಡುವುದು ಈ ಹುಡಿಗಾಗಿಯೇ. ಅವುಗಳ ಕಂಪನವೂ ಹೆಚ್ಚುಕಡಿಮೆ ಸೆಕೆಂಡಿಗೆ 200ರಿಂದ 400ರ ನಡುವಿನದು. ಸಾಕುವ ಜೇನುಗಳಿಗೆ ಈ ವಿದ್ಯೆ ಬಾರದು. ಬದನೆಯ ಹೂವಿನಲ್ಲಿ ಮಕರಂದವಿಲ್ಲದ್ದರಿಂದ ಅವು ಬಂದರೂ ಸುಮ್ಮನೆ ತಡಕಾಡಿ ಹೋಗುವುದನ್ನು ಕಂಡೆ. ಟೊಮೆಟೊ ಹೂ ಇದೇ ಕುಲದ್ದಾದರೂ ಅಷ್ಟು ಹಟಮಾರಿಯಲ್ಲ, ಗಿಡ ಗಾಳಿಗೆ ಅಲುಗಿದರೂ ತನ್ನ ಪರಾಗ ತನಗೇ ಉದುರಿ ಕಾಯಿ ಕಚ್ಚುತ್ತದೆ.

ಇದರಿಂದ ಕರಿಹಲಗೆಯ ಆ ಎರಡು ಕಾಲಮ್ಮಿನ ಕೋಷ್ಟಕದ ಮೇಲಿನ ನನ್ನ ನಂಬಿಕೆ ಸ್ವಲ್ಪ ಸಡಿಲವಾಗಿದೆ. ಸಾಧನದ ಪಟ್ಟಿಗಳ ಮೇಲೆ ಗರಿಕೆ, ಜೋಳದ ಜೊತೆಗೆ ಮುಳ್ಳುಮೈಯ ಸಣ್ಣ ಕಣಗಳು ಗುಂಪು ಗುಂಪಾಗಿ ಬರುತ್ತಿದ್ದವು. ಮುಳ್ಳಿದ್ದರೆ ಕೀಟದ್ದು ಎಂಬುದು ನಮ್ಮ ಪಾಠ. ರಸ್ತೆ ಬದಿಯ ಕಾಂಗ್ರೆಸ್ ಗಿಡದ ಹೂವನ್ನು ತಂದು ಹೋಲಿಸಿದಾಗ ಗುಟ್ಟು ಬಯಲಾಯಿತು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಈ ಪಾರ್ಥೇನಿಯಂನ ಹೂವಿಗೆ ಕೀಟಗಳು ಬರುತ್ತವೆ, ಆದರೂ ಅದರ ಪರಾಗ ಗಾಳಿಯಲ್ಲಿ ಧಾರಾಳವಾಗಿ ತೇಲುತ್ತದೆ. ಹಲವರಿಗೆ ಸೀನು ತರಿಸುವುದೂ ಅದೇ. ಈಗ ನಾನು ಮಕ್ಕಳಿಗೆ ಹೂವಿನ ಬಣ್ಣದಿಂದ ಶುರು ಮಾಡುವುದಿಲ್ಲ. ಪರಾಗ ಕೋಶದಿಂದ ಬಿಡಿಸಿಕೊಳ್ಳಲು ಏನು ಬೇಕು, ಎದುರಿನ ಹೂ ಅದನ್ನು ಹೇಗೆ ಹಿಡಿಯುತ್ತದೆ ಎಂಬ ಎರಡು ಪ್ರಶ್ನೆ ಕೇಳುತ್ತೇನೆ. ಫ್ಯಾನು, ಕುಂಚ, ಶ್ರುತಿಕವೆ, ಕಪ್ಪು ಕಾಗದ ಮೇಜಿನ ಮೇಲಿರುತ್ತವೆ.

ಸೆಪ್ಟೆಂಬರ್ ಮೊದಲ ವಾರ

ತೆನೆ ಬಲಿಯುವವರೆಗೆ ಕಾಯದೆ ಪರಾಗಸ್ಪರ್ಶವನ್ನು ಪರೀಕ್ಷಿಸುವ ಒಂದು ಉಪಾಯವಿದೆ. ತೆನೆಯನ್ನು ಕಿತ್ತು, ಮೇಲಿನ ಸಿಪ್ಪೆಯನ್ನು ಕೂದಲು ಕೀಳದಂತೆ ಜಾಗ್ರತೆಯಾಗಿ ಸೀಳಿ ತೆಗೆದು, ತೆನೆಯನ್ನು ಹಿಡಿದು ಅಲುಗಿಸಬೇಕು. ಗರ್ಭಕಟ್ಟಿದ ಕಾಳಿನ ಕೂದಲು ತಾನಾಗಿ ಕಳಚಿ ಬೀಳುತ್ತದೆ, ಕಟ್ಟದ ಕಾಳಿನದು ಅಂಟಿಕೊಂಡೇ ಇರುತ್ತದೆ. ಬೇಲಿಯಾಚೆಯ ಹಿರಿಯರನ್ನು ಕರೆದು ಮೂರು ತೆನೆ ಅಲುಗಿಸಿ ತೋರಿಸಿದೆ. ಚೌಕ ಮಡಿಯದರಲ್ಲಿ ತುದಿಯ ಸಣ್ಣ ಜುಟ್ಟು ಬಿಟ್ಟು ಉಳಿದೆಲ್ಲ ಉದುರಿತು. ಒಂಟಿ ಸಾಲಿನಲ್ಲಿ ಕೈಯಿಂದ ಪರಾಗ ಕೊಟ್ಟದ್ದು ಬಹುಮಟ್ಟಿಗೆ ಹಾಗೆಯೇ. ಕೊಡದೆ ಬಿಟ್ಟಿದ್ದರ ಕೂದಲು ಅಲ್ಲಲ್ಲಿ ಕಂತೆ ಕಂತೆಯಾಗಿ ನಿಂತಿತ್ತು. ಅವರು ಆ ತೆನೆಯನ್ನು ಕೈಗೆ ತೆಗೆದುಕೊಂಡು ಒಂದೊಂದೇ ಎಳೆಯನ್ನು ಬುಡದವರೆಗೂ ಹಿಂಬಾಲಿಸಿ ಬೋಳು ಜಾಗ ಮುಟ್ಟಿ ನೋಡಿದರು. "ಹಂಗಾರ ನಮ್ಮ ಬದುವಿನ ಸಾಲಿನ ಬೆಳೀನೂ ನಿಮ್ಮ ಪಡಸಾಲಿಗೆ ಬಂದೈತಿ ಅನ್ರಿ" ಎಂದರು.

ಮೋಟಾರಿನ ಬುಷ್ಷಿಗೆ ಹುಡಿ ಹೊಕ್ಕು ಈಗ ಕಿರುಗುಟ್ಟುತ್ತಿದೆ. ಬಿಚ್ಚಿ ತೊಳೆದು, ಬುಡಕ್ಕೆ ಹಳೆಯ ಬಾಟಲಿ ಮುಚ್ಚಳದ ಒಂದು ಕೊಡೆ ಹಾಕಬೇಕು. ಸ್ಪೋಕ್ ತುಕ್ಕು ಹಿಡಿದಿರುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನು ತಂದಿಟ್ಟಿದ್ದೇನೆ. ಹಿತ್ತಲ ಮೂಲೆಯ ಔಡಲ ಗಿಡ ಮೊಗ್ಗು ಬಿಟ್ಟಿದೆ. ಅದರ ಗೊಂಚಲಿನಲ್ಲಿ ಹೆಣ್ಣು ಹೂ ಮೇಲೆ, ಗಂಡು ಹೂ ಕೆಳಗೆ, ಗೋವಿನಜೋಳಕ್ಕೆ ಪೂರ್ತಿ ತಿರುವುಮುರುವು, ಆದರೂ ಅದು ಗಾಳಿಯನ್ನೇ ನಂಬಿದ ಗಿಡ. ಮುಂದಿನ ಓಟ ಅದರ ಪಕ್ಕದಲ್ಲಿ, ಒಂದು ಸಲ ಗೊಂಚಲಿನ ಕೆಳಗೆ, ಇನ್ನೊಂದು ಸಲ ಮೇಲೆ.